ಗೊದಮೊಟ್ಟೆಗೆ ಕೊಟ್ಟ ಮಾತ್ರೆ

ಅಣ್ಣ ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿದ್ದ. ನಾನು ಶಿರಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೈದಾಗಿದ್ದರೂ ಮದುವೆಯಾಗಿರಲಿಲ್ಲ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಅಣ್ಣನ ಮನೆಗೆ ಹೋಗುತ್ತಿದ್ದೆ. ಹೋದರೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅದಕ್ಕೆ ಕಾರಣ ಅಣ್ಣನ ಮಗಳು.

ಅವಳಿಗೆ ಮೂರು ವರ್ಷ ತುಂಬಿತ್ತು. ನೋಡಿದವರು ಒಂದೂವರೆ ಎನ್ನಬೇಕು. ಕೂರಿಸಿದಲ್ಲಿ ಕೂತಿರುತ್ತಿದ್ದಳು. ತುಟಿಯ ನಡುವೆ ನಾಲಿಗೆಯ ತುದಿ ಸದಾ ಇಣುಕುತ್ತಿತ್ತು, ಹೊಟ್ಟೆ ಉಬ್ಬಿ ಹೊಕ್ಕುಳು ಹೊರಬಂದಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಕೈ ತಣ್ಣಗೆ. ಹಸಿದರೂ ಅಳುತ್ತಿರಲಿಲ್ಲ. “ಎಂಥ ಸಾಧು ಕೂಸೇ ಇದು, ಹಟ ಮಾಡೂದೇ ಇಲ್ಲೆ” ಎಂದು ಪಕ್ಕದ ಮನೆಯವರು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನನಗೆ ಗುಮಾನಿ ಬಂದದ್ದು ಆಗ ಅಲ್ಲ. ಅವಳು ಆರು ತಿಂಗಳವಳಿದ್ದಾಗ ನಾನು ಧಾರವಾಡದಲ್ಲಿ ಪರೀಕ್ಷೆ ಮುಗಿಸಿ ಬಂದಿದ್ದೆ. ಅಂಥದೇ ಮುಖದ ಮಗುವಿನ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿದ್ದು ತೊಟ್ಟಿಲು ತೂಗುವಾಗ ನೆನಪಾಗಿತ್ತು. ಆದರೆ ಹೇಳಲಿಲ್ಲ. ಮದುವೆಯಾಗದ ನಾದಿನಿ ಮಗುವಿಗೆ ಕೊಂಕು ತೆಗೆದಳು ಎಂಬ ಮಾತು ಬರುತ್ತದೆಂದು ಹೆದರಿದೆ. ಆಮೇಲೆ ಎರಡೂವರೆ ವರ್ಷ, ಪ್ರತಿ ಸಲ ಹೋದಾಗಲೂ, ಈ ಬಾರಿ ನಿಂತಿರಬಹುದು, ಈ ಬಾರಿ ‘ಅತ್ತೆ’ ಎನ್ನಬಹುದು ಎಂದು ಬಾಗಿಲಲ್ಲೇ ಕಣ್ಣು ಹಾಯಿಸುತ್ತಿದ್ದೆ.

ಕೊನೆಗೆ ಒಂದು ದಿನ ಅತ್ತಿಗೆಯ ಹತ್ತಿರ ಡಾಕ್ಟರ ಸುದ್ದಿ ತೆಗೆದೆ.

“ಯಾವ ಕೂಸು ಯಾವಾಗ ನೆಡೀಕು ಹೇಳಿ ಬರೆದಿಟ್ಟಿದ್ದಾ? ಸಾವಕಾಶ ನೆಡಿತು ಬಿಡು” ಎಂದಳು ಅತ್ತಿಗೆ. ಆದರೆ ಸೋಮವಾರ ನಾನು ಹೊರಟಾಗ ಮಗುವನ್ನು ಎತ್ತಿಕೊಂಡು ಅವಳೂ ಬಸ್ಸು ಹತ್ತಿದಳು.

ಶಿರಸಿಯ ಡಾಕ್ಟರು ಬಯಲುಸೀಮೆಯ ಕಡೆಯವರು. ಮಗುವಿನ ನಾಲಿಗೆ, ಅಂಗಾಲು ನೋಡಿದ ಮೇಲೆ ಅವರು ಅತ್ತಿಗೆಯ ಕಡೆ ತಿರುಗಿದರು. “ಸೆರಗು ಸ್ವಲ್ಪ ಸರಸ್ರಿ ತಾಯಿ. ಈ ಬಾವು ಯಾವಾಗಿಂದ ಐತ್ರಿ?”

ಅತ್ತಿಗೆಯ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಉಬ್ಬಿತ್ತು. ಅವಳು ಸದಾ ಸೆರಗು ಹೊದೆಯುವುದು ಮರ್ಯಾದೆಗೆಂದೇ ನಾವೆಲ್ಲ ತಿಳಿದಿದ್ದೆವು.

“ಗಂಟಲಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರ್ತದ್ರಿ. ಅದರ ರಸ ಇಲ್ಲಂದ್ರ ಮಗು ಬೆಳೆಯಂಗಿಲ್ಲ. ನಿಮಗ ಅಯೋಡಿನ್ ಸಾಲದು. ಹೊಟ್ಟಿಯೊಳಗಿದ್ದಾಗ ಕೂಸಿಗೂ ಸಿಕ್ಕಿಲ್ಲ” ಎಂದರು. ತಾಯಿಗೆ ಹನಿ ಔಷಧ, ಮಗುವಿಗೆ ಮಾತ್ರೆ ಬರೆದರು. ಮಾತ್ರೆ ಹುಬ್ಬಳ್ಳಿಯಿಂದ ತರಿಸಬೇಕಿತ್ತು. ಅದನ್ನು ಯಾವುದರಿಂದ ಮಾಡುತ್ತಾರೆಂದು ಅತ್ತಿಗೆ ಕೇಳಿದಳು. ಕುರಿಯ ಗ್ರಂಥಿ ಒಣಗಿಸಿ ಪುಡಿ ಮಾಡಿದ್ದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಅತ್ತಿಗೆಯನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬಂದೆ. ಅಲ್ಲಿ, “ಕುರಿ ಗಂಟಲಿಂದು ಯನ್ನ ಕೂಸಿನ ಬಾಯಿಗೆ ಆನು ಹಾಕ್ತ್ನಿಲ್ಲೆ. ಮಾತ್ರೆ ಬಂದ್ರೆ ನಿನ್ನ ಹತ್ರನೇ ಇಟ್ಕ” ಎಂದಳು.

ಮಾತ್ರೆಯ ಸೀಸೆ ಬಂತು. ನನ್ನ ಕೋಣೆಯ ಗೂಡಿನಲ್ಲಿ ಕೂತಿತು. ಅಣ್ಣನಿಗೆ ಎರಡು ಪತ್ರ ಬರೆದೆ. “ಅವಳು ಒಪ್ಪಿದರೆ ನನ್ನದೇನೂ ಇಲ್ಲ” ಎಂದು ಉತ್ತರ ಬಂತು. ಪಾಠ ಮಾಡುತ್ತ ಮಾಡುತ್ತ ಏನು ಹೇಳುತ್ತಿದ್ದೆ ಎಂದು ಮರೆತು ನಿಲ್ಲುತ್ತಿದ್ದೆ. ಒಂದೊಂದು ದಿನ ಕಳೆದಂತೆ ಮಗುವಿನ ಮಿದುಳಿನಲ್ಲಿ ಏನೋ ಒಂದು ಬಾಗಿಲು ಮುಚ್ಚುತ್ತಿದೆ ಎಂಬ ಭಯ.

ಮಳೆ ಹಿಡಿದು ಕೆರೆಯಂಚಿನಲ್ಲಿ ಗೊದಮೊಟ್ಟೆ ಕಂಡಾಗ ಒಂದು ಪ್ರಯೋಗ ಹೊಳೆಯಿತು. ಎರಡು ಗಾಜಿನ ಬಾಟಲಿಗಳಲ್ಲಿ ಒಂದೇ ಅಳತೆಯ ಗೊದಮೊಟ್ಟೆಗಳನ್ನು ತಂದಿಟ್ಟೆ. ಒಂದರ ನೀರಿಗೆ ಮಾತ್ರೆಯ ಪುಡಿ ಚಿಟಿಕೆ ಚಿಟಿಕೆಯಾಗಿ ಹಾಕಿದೆ. ಇನ್ನೊಂದಕ್ಕೆ ಬರೀ ಬೇಯಿಸಿದ ಸೊಪ್ಪು. ವಾರ ಕಳೆಯುವಷ್ಟರಲ್ಲಿ ಪುಡಿ ಹಾಕಿದ ಬಾಟಲಿಯಲ್ಲಿ ಕಾಲು ಮೂಡಿತು, ಬಾಲ ಮೊಟಕಾಗತೊಡಗಿತು. ಇನ್ನೊಂದರಲ್ಲಿ ಹಾಗೇ ಈಜುತ್ತಿದ್ದವು.

ಶನಿವಾರ ಮಾತ್ರೆಯ ಸೀಸೆಯನ್ನು ಚೀಲಕ್ಕೆ ಹಾಕಿ, ಎರಡೂ ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಯಲ್ಲಾಪುರದ ಬಸ್ಸಿನಲ್ಲಿ ಕೂತೆ. ಪ್ರತಿ ತಿರುವಿನಲ್ಲೂ ನೀರು ಸೀರೆಯ ಮೇಲೆ ಚೆಲ್ಲುತ್ತಿತ್ತು. “ಎಂತದ್ರಾ ಅಕ್ಕೋರೆ ಅದು?” ಎಂದು ಕಂಡಕ್ಟರು ಬಗ್ಗಿ ನೋಡಿದ. ಗೊದಮೊಟ್ಟೆ ಎಂದೆ. ಮತ್ತೇನೂ ಕೇಳದೆ ಮುಂದಿನ ಸೀಟಿಗೆ ಹೋದ.

ಅತ್ತಿಗೆ ಬಾಟಲಿಗಳನ್ನು ಜಗಲಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಪುಡಿ ಹಾಕಿದ್ದರಲ್ಲಿ ನೊಣದಷ್ಟೇ ಸಣ್ಣ ಕಪ್ಪೆಗಳು ಗಾಜಿಗೆ ಅಂಟಿಕೊಂಡಿದ್ದವು. ಎರಡು ಸತ್ತು ತೇಲುತ್ತಿದ್ದವು.

“ಇವು ಇಷ್ಟು ಸಣ್ಣಕ್ಕೆ ಎಂತಕ್ಕೆ ಆತು?”

“ಬೆಳೆಯೋ ಮೊದ್ಲೇ ಕಪ್ಪೆಯಾಗು ಹೇಳಿ ರಸ ಹೇಳ್ತು. ಕಾಲಿಗೆ ಮೂಡು ಹೇಳ್ತು, ಬಾಲಕ್ಕೆ ಕರಗು ಹೇಳ್ತು. ರಸ ಒಂದೇಯ. ಕಾಲು ಒಂದು ನಮೂನಿ ಕೇಳ್ತು, ಬಾಲ ಮತ್ತೊಂದು ನಮೂನಿ.”

“ಹೇಳದೇ ಹೋದ್ರೆ?”

ಇನ್ನೊಂದು ಬಾಟಲಿ ತೋರಿಸಿದೆ. “ತಡವಾಗಿ ಆದ್ರೂ ಇವಕ್ಕೆ ತಮ್ಮ ಗಂಟಲಿಂದಲೇ ಮಾತು ಬತ್ತು. ಗಂಟಲೇ ಹಾಳಾದ್ರೆ ಬತ್ತಿಲ್ಲೆ. ದೊಡ್ಡ ಗೊದಮೊಟ್ಟೆಯಾಗೇ ಉಳಿತ.”

ಅವಳು ಮಗುವನ್ನು ನೋಡಿದಳು. “ಸತ್ತಿದ್ದು ಎಂತಕ್ಕೆ?”

“ಹೆಚ್ಚಾತು. ಡಾಕ್ಟ್ರು ಹೇಳಿದಷ್ಟೇ ಕೊಡೇಕು.”

ಬಾಟಲಿಗಳನ್ನು ಹಿತ್ತಲ ಹೊಂಡಕ್ಕೆ ಸುರಿದು ಬಂದು, ಅವಳು ಕೈ ತೊಳೆದು ಸೀಸೆ ಕೇಳಿದಳು. ಮೊದಲ ಮಾತ್ರೆಯ ಕಾಲು ಭಾಗವನ್ನು ತಾನೇ ಹಾಲಿನಲ್ಲಿ ಅರೆದು ಕುಡಿಸಿದಳು.

ಮೂರು ವಾರಕ್ಕೆ ನನಗೊಂದು ಕಾರ್ಡು ಬಂತು: ‘ಕೂಸಿನ ಕೈ ಬೆಚ್ಚಗಾಯಿತು. ನಿನ್ನೆ ಹಟ ಮಾಡಿ ತಾಟು ಎಸೆಯಿತು.’ ಆ ಕಾರ್ಡನ್ನು ಶಿಕ್ಷಕರ ಕೋಣೆಯಲ್ಲಿ ನಿಂತೇ ನಾಲ್ಕು ಸಲ ಓದಿದೆ. ನಡುವೆ ಒಮ್ಮೆ ಮಾತ್ರೆ ಹೆಚ್ಚಾಗಿ ಮಗುವಿನ ಎದೆ ಹೊಡೆದುಕೊಂಡು ನಿದ್ದೆ ಹಾರಿತು. ಡಾಕ್ಟರು ಕಡಿಮೆ ಮಾಡಿದರು. ನಾಲ್ಕನೆಯ ವರ್ಷ ತುಂಬುವ ಮುಂಚೆ ಅವಳು ಗೋಡೆ ಹಿಡಿದು ನಡೆದಳು. ಎತ್ತರ ಬೆಳೆದಳು, ಕೂದಲು ನುಣುಪಾಯಿತು. ಆದರೆ ಮಾತು ಹತ್ತಿಪ್ಪತ್ತು ಶಬ್ದಗಳಾಚೆ ಸರಾಗವಾಗಲಿಲ್ಲ. ಆರನೆಯ ವರ್ಷ ನಾನು ಸ್ಲೇಟು ಹಿಡಿಸಿದೆ. ‘ಅ’ ಬರೆಯುವುದಕ್ಕೇ ವರ್ಷ ಹೋಯಿತು. ಮೈ ಎಷ್ಟು ತಡವಾದರೂ ಕೇಳುತ್ತದೆ, ಮಿದುಳು ಅಷ್ಟು ದಿನ ಕಾಯುವುದಿಲ್ಲ ಎಂದರು ಡಾಕ್ಟರು. ಮೊದಲ ತಿಂಗಳುಗಳಲ್ಲೇ ಕೊಟ್ಟಿದ್ದರೆ ಇನ್ನಷ್ಟು ಸುಧಾರಿಸುತ್ತಿದ್ದಳೇನೋ ಎಂದೂ ಹೇಳಿದರು.

ಅತ್ತಿಗೆಯೂ ಅದನ್ನು ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ, “ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದಳು.

ಸುಳ್ಳು ಹೇಳಬಹುದಿತ್ತು. “ಆರು ತಿಂಗ್ಳಲ್ಲೇ ಅನುಮಾನ ಬಂದಿತ್ತು” ಎಂದೆ.

“ಎಂತಕ್ಕೆ ಹೇಳಿದ್ದಿಲ್ಲೆ?”

“ನೀನು ಎಂತ ತಿಳ್ಕತ್ಯೇನ ಹೇಳಿ ಆನು ಹೆದರಿದಿ.”

ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಮಳೆಗಾಲವಿಡೀ ನನಗೆ ಕಾರ್ಡು ಬರಲಿಲ್ಲ. ನಾನೂ ಆ ಬಸ್ಸು ಹತ್ತಲಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ಗೊತ್ತುಗುರಿಯಿಲ್ಲದೆ ಶಿರಸಿಯ ಬೀದಿ ಸುತ್ತುತ್ತಿದ್ದೆ.

ಹನಿ ಔಷಧ ತಪ್ಪಿಸದ ಅವಳಿಗೆ ಆ ವರ್ಷ ಗಂಡು ಮಗು ಹುಟ್ಟಿತು. ಹನ್ನೆರಡನೆಯ ದಿನ ಅಣ್ಣ ಬಂದು ನನ್ನನ್ನು ಕರೆದೊಯ್ದ. ಅತ್ತಿಗೆ ಕುಶಲ ಕೇಳಲಿಲ್ಲ. ಮಗುವನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿದಳು.

“ಸಮಾ ನೋಡು. ಎಂತಾದ್ರೂ ಕಂಡ್ರೆ ಈಗ್ಲೇ ಹೇಳು.”

ಬಟ್ಟೆ ಬಿಚ್ಚಿ ನಾಲಿಗೆ, ಹೊಕ್ಕುಳು, ಅಂಗಾಲು ಎಲ್ಲ ನೋಡಿದೆ. ಮೈ ಬಿಸಿಯಾಗಿತ್ತು. ಚಳಿಗೆ ಅದು ಕಿರುಚಿ ಅಳತೊಡಗಿತು. “ಎಂತೂ ಇಲ್ಲೆ” ಎಂದೆ. ಅವಳು ಅಲ್ಲಿಂದ ಕದಲಲಿಲ್ಲ. ನಾನು ಮತ್ತೊಮ್ಮೆ ಮೊದಲಿಂದ ನೋಡಿದೆ.