ಚಂದ್ರಸ ಬಳಿದ ಆಟದ ಪೆಟ್ಟಿಗೆ

ಅಥವಾ ಅದು ನೀಲಿಯಾಗಿರಲಿಲ್ಲವೇನೊ. ಅಣ್ಣನನ್ನು ಕೇಳಿದರೆ ಹಸಿರು ಎನ್ನುತ್ತಾನೆ. ಆಯಿ, ನಮ್ಮ ತಾಯಿ, ಬಣ್ಣವನ್ನೇ ಬಳಿದಿರಲಿಲ್ಲ ಎನ್ನುತ್ತಾಳೆ. ನನ್ನ ತಲೆಯೊಳಗೆ ಮಾತ್ರ ಅದು ನೀಲಿಯಾಗಿಯೇ ನಿಂತಿದೆ: ಎದೆಮಟ್ಟದ ಮರದ ಪೆಟ್ಟಿಗೆ, ಮುಂದೆ ಟಿವಿಯ ಗಾಜು, ಗಾಜಿನ ಕೆಳಗೆ ಓರೆ ಹಲಗೆ, ಹಲಗೆಯ ಮೇಲೆ ಆಟವಾಡುವ ಹಿಡಿಕೆ ಮತ್ತು ಸವೆದ ಗುಂಡಿಗಳು. ಒಂದು ಪೆಟ್ಟಿಗೆಯ ಬಣ್ಣವನ್ನೇ ಸರಿಯಾಗಿ ಇಟ್ಟುಕೊಳ್ಳಲಾಗದ ನೆನಪು ಮಾತುಗಳನ್ನು ಹೇಗೆ ಇಟ್ಟುಕೊಂಡೀತು? ಆದರೂ ಬರೆಯುತ್ತೇನೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಆಗೆಲ್ಲ ಹೊನ್ನಾವರದ ನಮ್ಮ ಕೇರಿಯಲ್ಲಿ ಮಳೆಗಾಲವೆಂದರೆ ಗಂಡಸರು ಮನೆಯಲ್ಲಿರುವ ಕಾಲ. ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಶರಾವತಿಯ ದಂಡೆಯಲ್ಲಿ ಅವಕ್ಕೆ ತಟ್ಟಿ ಹೊದೆಸಿ ಕಟ್ಟಿಬಿಡುತ್ತಿದ್ದರು. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ತನಕ ಅಪ್ಪಂದಿರು ಬಲೆ ಹೆಣೆಯುತ್ತ, ಇಸ್ಪೀಟು ಆಡುತ್ತ, ಒಲೆಯ ಮುಂದೆ ಕುಳಿತು ಹೆಂಗಸರಿಂದ ಬೈಸಿಕೊಳ್ಳುತ್ತ ಇರುತ್ತಿದ್ದರು. ಒದ್ದೆ ಬಟ್ಟೆ, ಕೆಂಡದ ಮೇಲಿನ ಒಣಮೀನು, ಬೂದಿಯಲ್ಲಿ ಸುಟ್ಟ ಹಲಸಿನ ಬೀಜ, ಎಲ್ಲದರ ವಾಸನೆಯೂ ಒಂದಾಗಿ ಮಾಡಿನ ಕೆಳಗೇ ಸುತ್ತುತ್ತಿತ್ತು. ಬೇರೆ ವರ್ಷಗಳಲ್ಲಿ ಅದು ನಮಗೆ ಹಬ್ಬ. ನಾನು ಹೇಳುತ್ತಿರುವ ವರ್ಷ ಹಾಗಿರಲಿಲ್ಲ.

ಆ ವರ್ಷ ಮಳೆ ಹಿಡಿಯುವ ಮುಂಚೆ ಆಯಿಯ ತಮ್ಮ, ನಮ್ಮ ದಾಮು ಮಾವ, ತೀರಿಹೋಗಿದ್ದ. ಅವನದು ಸಣ್ಣ ಮರದ ದೋಣಿ. ಹೈಸ್ಕೂಲು ಮುಗಿಸಿ ರಜೆಯಲ್ಲಿದ್ದ ನನ್ನ ಅಣ್ಣ ಉಮೇಶ ಹಟಮಾಡಿ ಅವನ ಜೊತೆ ಹೋಗಿದ್ದ. ಹಿಂತಿರುಗಿ ಬರುವಾಗ ಅಳಿವೆಯಲ್ಲಿ, ನದಿ ಕಡಲಿಗೆ ಸೇರುವ ಆ ಮರಳುದಿಬ್ಬದ ಬಾಯಲ್ಲಿ, ದೋಣಿ ಮಗುಚಿತು. ಅಣ್ಣನನ್ನು ಇನ್ನೊಂದು ದೋಣಿಯವರು ಎತ್ತಿಕೊಂಡು ಬಂದರು. ಮಾವನನ್ನು ಮರುದಿನ ಕಡಲೇ ತಂದು ಹಾಕಿತು. ದೋಣಿ ಬಂಡೆಗೆ ಬಡಿದು ಚೂರಾಗಿತ್ತು.

ಅಲೆ ಹೊಡೆದು ಮಗುಚಿತು ಎಂದು ಊರೆಲ್ಲ ಹೇಳಿತು. ಆದರೆ ಚಾದಂಗಡಿಯಲ್ಲಿ ಯಾರೋ, ಅಲೆ ಹೊಡೆಯುವ ಮುಂಚೆಯೇ ದೋಣಿ ನೀರಿನಲ್ಲಿ ತಗ್ಗಿ ಬರುತ್ತಿತ್ತು ಎಂದರಂತೆ. ಅದನ್ನು ಕೇಳಿ ಬಂದ ದಿನ ಅಪ್ಪ ಉಣ್ಣಲಿಲ್ಲ. ಯಾಕೆಂದರೆ ಆ ದೋಣಿಯ ಸಂದುಗಳನ್ನು ಮುಚ್ಚಿದ್ದು ಅಪ್ಪನೇ. ಹಲಗೆ ಹಲಗೆಯ ನಡುವೆ ಹತ್ತಿ ತುರುಕಿ, ಎಣ್ಣೆಯಲ್ಲಿ ಚಂದ್ರಸದ ಅಂಟು ಕಾಯಿಸಿ ಬಳಿಯುವ ಕೆಲಸದಲ್ಲಿ ಅಪ್ಪನ ಕೈ ಒಳ್ಳೆಯದೆಂದು ಹೆಸರಿತ್ತು. ಸಂದಿನಿಂದ ನೀರು ಬಂತೋ ಅಲೆಯಿಂದ ಬಂತೋ ಹೇಳಬಲ್ಲವನು ಉಳಿದದ್ದು ಒಬ್ಬನೇ, ಅಣ್ಣ. ಅವನು ಹಿಂದಿನ ಕೋಣೆ ಸೇರಿದವನು ಹೊರಗೆ ಬರಲಿಲ್ಲ. ತಟ್ಟೆಯನ್ನು ಬಾಗಿಲಲ್ಲಿ ಇಡುತ್ತಿದ್ದೆ, ಖಾಲಿ ತಟ್ಟೆ ಅಲ್ಲೇ ಸಿಗುತ್ತಿತ್ತು.

ಆಟದ ಪೆಟ್ಟಿಗೆ ಕಟ್ಟುವ ಯೋಚನೆ ಅಪ್ಪನಿಗೆ ಎಲ್ಲಿಂದ ಹೊಳೆಯಿತೋ. ಅಣ್ಣನಿಗೆ ವಿಡಿಯೊ ಗೇಮಿನ ಹುಚ್ಚು ಇದ್ದದ್ದು ನಿಜ. ಭಟ್ಕಳದ ಹತ್ತಿರದ ಹೆಬಳೆಯ ಅತ್ತೆಯ ಮನೆಗೆ ಹೋದಾಗಲೆಲ್ಲ ಭಟ್ಕಳ ಪೇಟೆಯ ಒಂದು ಗೇಮಿನ ಅಂಗಡಿಯಲ್ಲೇ ಬಿದ್ದಿರುತ್ತಿದ್ದ. ಆ ಅಂಗಡಿ ಮುಚ್ಚುತ್ತಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದಳು. ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದ.

"ಸತ್ತ ಮನೇಲಿ ಆಟದ ಪೆಟ್ಟಿಗೆ," ಎಂದಿದ್ದಳು ಆಯಿ, ನಾವು ಹೊರಡುವಾಗ ಕೊಡೆ ಬಿಡಿಸಿಕೊಡುತ್ತ.

"ಹುಣ್ಣಿಮೆ ಒಳಗೆ ಅವ ಕೋಣೆ ಬಿಟ್ಟು ಬರ್ಬೇಕು. ಆಮೇಲೆ ನಾ ಬೋಟಿಗೆ ಹೋದ್ರೆ ವಾರಗಟ್ಲೆ ಮನೇಲಿ ಇರೂದಿಲ್ಲ."

"ಬಂದು ಎಂತ ಮಾಡ್ಬೇಕು ಅವ?"

ಅಪ್ಪ ಕೊಡೆ ತೆಗೆದುಕೊಂಡು ಅಂಗಳಕ್ಕೆ ಇಳಿದ. ಆಯಿಗೂ ಉತ್ತರ ಬೇಕಾಗಿರಲಿಲ್ಲ.

ಅಂಗಡಿಯ ಸಾಹೇಬರು ಬಿಳಿಗಡ್ಡದ ಮನುಷ್ಯ. ಆಟದ ದೊಡ್ಡ ಯಂತ್ರಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು. ಜಾಗಕ್ಕೆ ಮೊಬೈಲ್ ಅಂಗಡಿ ಬರುವುದಿತ್ತು. ಅಪ್ಪ ಉಮೇಶನ ಗುರುತು ಹೇಳಿದ ಕೂಡಲೇ ಅವರು ನಕ್ಕರು.

"ಹೊನ್ನಾವರದ ಆ ಹುಡುಗನಾ? ಒಂದು ನಾಣ್ಯ ಹಾಕಿದ್ರೆ ಊಟದ ಹೊತ್ತಿನ ತನಕ ಯಂತ್ರ ಬಿಡ್ತಿರಲಿಲ್ಲ. ನನ್ನ ಅಂಗಡಿ ಮುಳುಗಿಸಿದವ ಅವನೇ."

ಅಪ್ಪನ ಮುಖ ನೋಡಿ ಅವರ ನಗು ನಿಂತಿತು. ಏನೆಂದು ಕೇಳಲಿಲ್ಲ. ಒಂದು ಯಂತ್ರದ ಮುಂಭಾಗ ಬಿಚ್ಚಿ ಹಿಡಿಕೆಯನ್ನೂ ಗುಂಡಿಗಳನ್ನೂ ವೈರಿನ ಸಮೇತ ತೆಗೆದು ಪೇಪರಿನಲ್ಲಿ ಸುತ್ತಿದರು.

"ಎಷ್ಟು ಕೊಡ್ಲಿ ಸಾಹೇಬ್ರೆ?"

"ಮೀನು ಸಿಗೂ ಕಾಲದಲ್ಲಿ ಬನ್ನಿ. ಒಳ್ಳೆ ಇಸ್ವಾಣ ತನ್ನಿ."

ಅಪ್ಪ ಆ ಇಸ್ವಾಣ ಕೊಟ್ಟನೇ? ಕೊಟ್ಟಿರಬೇಕು. ಹಾಗೆ ಬರೆದರೆ ಚೆನ್ನಾಗಿರುತ್ತದೆ ಎಂಬ ಕಾರಣಕ್ಕೇ ಅನುಮಾನ ಬರುತ್ತದೆ.

ಉಳಿದ ಸಾಮಾನು ಕೇರಿಯಲ್ಲೇ ಸಿಕ್ಕಿತು. ಹೊಸ ಚಪ್ಪಟೆ ಟಿವಿ ತಂದವರ ಅಟ್ಟದಲ್ಲಿ ಹಳೆಯ ಸಣ್ಣ ಡಬ್ಬಾ ಟಿವಿ ಬಿದ್ದಿತ್ತು. ಒಡೆದ ಬೋಟಿನ ಕ್ಯಾಬಿನ್ನಿನಿಂದ ಪ್ಲೈವುಡ್. ನನ್ನದೇ ಹಳೆಯ ಟಿವಿ ಗೇಮು. ಅದರ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟಗಳೆಂದು ಬರೆದಿದ್ದರೂ ಸುತ್ತಿ ಸುತ್ತಿ ಬರುತ್ತಿದ್ದದ್ದು ಅದೇ ಹತ್ತು ಹನ್ನೆರಡು. ಜಗಲಿಯಲ್ಲಿ ಅಪ್ಪ ಕೊಯ್ದ, ನಾನು ಹಲಗೆ ಹಿಡಿದುಕೊಂಡೆ. ಗೇಮಿನ ರಿಮೋಟು ಬಿಚ್ಚಿ ಅದರೊಳಗಿನ ಒಂದೊಂದು ಬೆಸುಗೆಯ ಚುಕ್ಕೆಗೂ ಸಾಹೇಬರ ವೈರು ಬೆಸೆಯಬೇಕಿತ್ತು. ಬಲೆ ಹೆಣೆಯುವ ಬೆರಳುಗಳಿಗೆ ಆ ಚುಕ್ಕೆಗಳು ಸಿಗುತ್ತಿರಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ಟಿವಿ ಹಚ್ಚಿ ಹಿಡಿಕೆಯನ್ನು ಎಡಕ್ಕೆ ನೂಕಿದರೆ ಪರದೆಯ ಮೇಲಿನ ಟ್ಯಾಂಕು ಬಲಕ್ಕೆ ಓಡಿತು. ಮೇಲಕ್ಕೆ ಎಳೆದರೆ ಗುಂಡು ಹಾರಿತು.

"ಅದು ಉಲ್ಟಾ ಅದೆ."

ಅಣ್ಣ ನಡುಬಾಗಿಲಲ್ಲಿ ನಿಂತಿದ್ದ. ಗಡ್ಡ ಚಿಗುರಿತ್ತು. ಅಪ್ಪ ತಲೆಯೆತ್ತಲಿಲ್ಲ, ಎತ್ತಿದರೆ ಹೋಗಿಬಿಡುತ್ತಾನೆ ಎಂಬಂತೆ.

"ಎಂತ ಉಲ್ಟಾ? ಟ್ಯಾಂಕಿಗೆ ತಲೆ ಸರಿ ಇಲ್ಲ."

"ವೈರ್ ಉಲ್ಟಾ. ಬಿಡು ಇಲ್ಲಿ. ಸುಟ್ಟು ಹಾಕ್ತೆ ನೀನು."

ಬೆಸೆಯುವ ಕಡ್ಡಿಯನ್ನು ಅಪ್ಪನ ಕೈಯಿಂದ ಅವನೇ ತೆಗೆದುಕೊಂಡ. ಒಳಗೆ ಆಯಿ ಹಂಚಿನ ಮೇಲೆ ಏನನ್ನೋ ಹಾಕಿದ ಸದ್ದು ಕೇಳಿತು. ಅಷ್ಟೆ. ಯಾರೂ ಅಳಲಿಲ್ಲ. ಅತ್ತಿದ್ದರೆ ನೆನಪಿರುತ್ತಿತ್ತು ಅಂದುಕೊಳ್ಳುತ್ತೇನೆ.

ಮುಂದಿನ ಕೆಲವು ದಿನ ಅಪ್ಪ ಮತ್ತು ಅಣ್ಣ ಅಕ್ಕಪಕ್ಕ ಕುಳಿತು ಕೆಲಸ ಮಾಡಿದರು. ಮಾತೆಲ್ಲ ಮೊಳೆ, ವೈರು, ಹಲಗೆಯ ಓರೆಯ ಬಗ್ಗೆ. ಅಪ್ಪ ಆಗಾಗ ಬಾಯಿ ತೆರೆದು ಮುಚ್ಚುವುದನ್ನು ನಾನು ನೋಡುತ್ತಿದ್ದೆ. ಕೇಳಬೇಕಾದದ್ದನ್ನು ಬಿಟ್ಟು ಮೊಳೆ ಕೇಳುತ್ತಿದ್ದ. ನಾನು ಸಣ್ಣವಳಾಗಿದ್ದರೂ ನನಗೆ ತಿಳಿಯುತ್ತಿತ್ತು. ಈಗ ತಿಳಿದದ್ದನ್ನು ಆಗಲೇ ತಿಳಿದಿತ್ತೆಂದು ಹೇಳಿಕೊಳ್ಳುತ್ತಿರಲೂಬಹುದು.

ಪೆಟ್ಟಿಗೆ ನಿಂತಿತು. ಇನ್ನು ಅದಕ್ಕೆ ಉಪ್ಪುಗಾಳಿ ತಾಗಬಾರದು. ನಮ್ಮ ಕಡೆ ಕಬ್ಬಿಣ, ಬೆಳ್ಳಿ, ಗಡಿಯಾರ ಯಾವುದೂ ಮಳೆಗಾಲ ದಾಟುವುದಿಲ್ಲ. ನೀರನ್ನು ಹೊರಗಿಡುವುದೇ ಬದುಕು ಎಂದು ಕಲಿತ ಜನ ನಾವು. ಅಪ್ಪ ಒಲೆಯ ಮೇಲೆ ಎಣ್ಣೆ ಇಟ್ಟು ಚಂದ್ರಸ ಕರಗಿಸಿದ. ಮನೆಯೆಲ್ಲ ದೋಣಿಯ ವಾಸನೆ. ಹಲಗೆಯ ಒಂದೊಂದು ಸಂದಿಗೂ ಹತ್ತಿ ತುರುಕಿ, ಉಳಿಯ ಹಿಂಬದಿಯಿಂದ ಬಡಿದು, ಮೇಲೆ ಅಂಟು ಎಳೆದ. ಟಿವಿಯ ಗಾಜಿನ ಸುತ್ತ ಸೈಕಲ್ ಟ್ಯೂಬು ಕತ್ತರಿಸಿ ಕೂರಿಸಿದ. ಹಿಂದಿನ ಮುಚ್ಚಳವನ್ನೂ ಹಾಗೆಯೇ ಮುಚ್ಚಿದ. ವೈರು ಹೊರಬರುವ ತೂತನ್ನೂ ಬಿಡಲಿಲ್ಲ. ಬಳಿದದ್ದರ ಮೇಲೆ ಮತ್ತೆ ಬಳಿದ. ಬೆರಳಿನಿಂದ ಸಂದು ಸವರುವುದು, ನಿಲ್ಲುವುದು, ಮತ್ತೆ ಬಳಿಯುವುದು.

"ಅಪ್ಪಾ, ಹಿಂದೆ ಒಂದೆರಡು ತೂತು ಬಿಡ್ಬೇಕಾ ಎಂತ," ಎಂದ ಅಣ್ಣ.

"ತೂತು ಬಿಟ್ಟು ಯಾರಾದ್ರೂ ಕಟ್ತಾರನಾ?"

ಆಗ ಆಯಿ ಅಡಿಗೆಮನೆಯ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸುತ್ತ, ಮೆಲ್ಲಗೆ ಹೇಳಿದಳು: "ನನ್ನ ತಮ್ಮನ ದೋಣಿಗೆ ಇಷ್ಟು ಬಳ್ದಿದ್ರೆ ಆತಿತ್ತು."

ಇದನ್ನು ಅವಳು ಹೇಳಿದಳೆಂದು ನಾನು ಆಣೆ ಮಾಡಲಾರೆ. ಮನಸ್ಸಿನಲ್ಲಿ ಇದ್ದದ್ದನ್ನು ನಾನು ಅವಳ ಮುಖದಿಂದ ಓದಿ, ವರ್ಷಗಳ ಮೇಲೆ ಅವಳ ಬಾಯಿಗೆ ಹಾಕಿರಬಹುದು. ಆದರೆ ಅಪ್ಪನ ಕೈಯಲ್ಲಿನ ಬ್ರಷ್ಷಿನಿಂದ ಅಂಟು ತೊಟ್ಟಿಕ್ಕಿ ಅವನ ಕಾಲ ಮೇಲೆ ಬಿತ್ತು, ಬಿಸಿ ಅಂಟು, ಅವನು ಕಾಲು ಹಿಂದೆ ತೆಗೆಯಲಿಲ್ಲ. ಆ ಗುಳ್ಳೆ ನಾನು ನೋಡಿದ್ದೇನೆ. ಅವಳು ಏನೂ ಹೇಳದಿದ್ದರೆ ಅವನು ಹಾಗೆ ಯಾಕೆ ನಿಲ್ಲುತ್ತಿದ್ದ?

ಆಟ ಶುರುವಾದ ದಿನ ಕೇರಿಯ ಮಕ್ಕಳೆಲ್ಲ ಜಗಲಿಗೆ ಬಂದರು. ಅಣ್ಣ ನಿಂತುಕೊಂಡು ಆಡಿದ. ಹಿಡಿಕೆಯನ್ನು ಅವನು ಹಿಡಿಯುತ್ತಲೇ ಇರಲಿಲ್ಲ, ಎರಡು ಬೆರಳಿನ ನಡುವೆ ಸುಮ್ಮನೆ ಇಟ್ಟುಕೊಳ್ಳುತ್ತಿದ್ದ. ಪಕ್ಕದ ಮನೆಯ ಕೊಂಕಣಿ ಹುಡುಗರು ಅವನ ಹೆಸರು ಕೂಗಿದರು. ಒಬ್ಬ ಹುಡುಗ ಸೋತು, ಗುಂಡಿ ಸರಿಯಿಲ್ಲವೆಂದು ದೂರಿದ.

"ಗುಂಡಿ ಭಟ್ಕಳದ್ದು, ಬೆರಳು ಹೊನ್ನಾವರದ್ದು. ಎಂತ ಮಾಡೂದು ಮಾರಾಯ," ಎಂದ ಅಣ್ಣ. ಮಕ್ಕಳು ನಕ್ಕರು. ಅವನೂ ನಕ್ಕ. ಅಪ್ಪ ಅಂಗಳದ ಅಂಚಿನಲ್ಲಿ ನಿಂತು ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದ. ಆ ನಗುವನ್ನು ನಾನು ನಿಖರವಾಗಿ ಕೇಳಬಲ್ಲೆ. ಅದೊಂದನ್ನು ಯಾರೂ ಬೇರೆ ಬಣ್ಣ ಎನ್ನಲಾರರು.

ಮಕ್ಕಳು ಊಟಕ್ಕೆ ಹೋದ ಮೇಲೂ ಅಣ್ಣ ಆಡುತ್ತಲೇ ಇದ್ದ. ಹೊರಗೆ ಜಡಿಮಳೆ. ಮೊದಲು ಬಂದದ್ದು ವಾಸನೆ: ಚಂದ್ರಸ, ಆಗಷ್ಟೆ ಕಾಯಿಸಿದಂತೆ. ಆಮೇಲೆ ನೋಡಿದರೆ ಪೆಟ್ಟಿಗೆಯ ಸಂದುಗಳಲ್ಲಿ ಅಂಟು ಮೆತ್ತಗಾಗಿ ಹನಿ ಹನಿಯಾಗಿ ಇಳಿಯುತ್ತಿತ್ತು. ಒಳಗೆ ಕಾದ ಗಾಳಿಗೆ ಹೊರಬರಲು ಅಪ್ಪ ಎಲ್ಲೂ ಜಾಗ ಬಿಟ್ಟಿರಲಿಲ್ಲ. ಚಿತ್ರ ಕುಗ್ಗಿತು, ಒಂದು ಬಿಳಿಗೆರೆಯಾಯಿತು, ಆರಿತು. ಒಳಗೆ ಏನೋ ಚಟಪಟ ಸುಟ್ಟಿತು, ಹೊರಗೆ ಮಾತ್ರ ಹೊಗೆಯ ಒಂದೆಳೆಯೂ ಬರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದ.

ಅಪ್ಪ ಓಡಿಬಂದು ಪ್ಲಗ್ಗು ಕಿತ್ತ. ಅಣ್ಣ ಹಿಡಿಕೆ ಬಿಟ್ಟಿರಲಿಲ್ಲ.

"ಉಸ್ರು ಹೋಗ್ಲಿಕ್ಕೆ ಜಾಗ ಇಲ್ಲ ಅದ್ಕೆ," ಎಂದ.

ಅಪ್ಪ ಕೆಳಗೆ ಕುಳಿತುಬಿಟ್ಟ. ಸಂದಿನ ಮೇಲೆ ಬೆರಳಿಟ್ಟ, ಅಂಟು ಬೆರಳಿಗೆ ಹತ್ತಿತು. ಅಲ್ಲಿಂದಲೇ ಕೇಳಿದ, ಪೆಟ್ಟಿಗೆಯನ್ನು ನೋಡುತ್ತ.

"ಉಮೇಶಾ. ದಾಮೂನ ದೋಣಿ ಒಳಗೆ ನೀರು ಇತ್ತಾ? ಅಲೆ ಹೊಡ್ಯೂಕಿಂತ ಮುಂಚೆ?"

ಇಲ್ಲಿ ನನ್ನ ಬಳಿ ಎರಡು ಮಧ್ಯಾಹ್ನಗಳಿವೆ. ಒಂದರಲ್ಲಿ ಅಣ್ಣ ತಲೆಯಾಡಿಸುತ್ತಾನೆ, ಇಲ್ಲವೆಂದು. ಇನ್ನೊಂದರಲ್ಲಿ "ಸ್ವಲ್ಪ ಇತ್ತಪ್ಪ, ಮಾವ ತೋಕುತ್ತಿದ್ದ" ಎನ್ನುತ್ತಾನೆ, ಮಾವ ಡಬ್ಬಿಯಿಂದ ನೀರು ಹೊರಚೆಲ್ಲುತ್ತಿದ್ದನೆಂದು. ಎರಡರಲ್ಲೂ ಮಳೆಯ ಸದ್ದು ಒಂದೇ. ಎರಡರಲ್ಲೂ ಅಪ್ಪ "ಆತು" ಎಂದು ಎದ್ದು ಒಳಗೆ ಹೋಗುತ್ತಾನೆ. ಸಮಾಧಾನದ "ಆತು" ಯಾವುದು, ಇನ್ನೊಂದು ಯಾವುದು, ಅವನ ದನಿಯಿಂದ ಹೇಳಲು ಎಂದೂ ಸಾಧ್ಯವಿರಲಿಲ್ಲ.

ಹುಣ್ಣಿಮೆಗೆ ಅಪ್ಪ ಎಲ್ಲರಂತೆ ಕಾಯಿ ಬಿಟ್ಟು ಬೋಟಿಗೆ ಹೋದ. ಆ ನಂತರ ಯಾವ ದೋಣಿಯ ಸಂದನ್ನೂ ಮುಟ್ಟಲಿಲ್ಲ. ಕರೆಯಲು ಬಂದವರಿಗೆ ಕಣ್ಣು ಸರಿಯಿಲ್ಲ ಎನ್ನುತ್ತಿದ್ದ. ಅಣ್ಣ ಕೋಣೆಗೆ ಹಿಂದಿರುಗಲಿಲ್ಲ, ಮನೆಯಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ. ಈಗ ಕುಮಟೆಯಲ್ಲಿ ಟಿವಿ, ಮೊಬೈಲ್ ರಿಪೇರಿ ಮಾಡುತ್ತಾನೆ. ಸುಟ್ಟ ಟಿವಿ ತೆಗೆದ ಮೇಲೆ ಆಯಿ ಪೆಟ್ಟಿಗೆಯನ್ನು ಮಲಗಿಸಿ ಅದರಲ್ಲಿ ಅಕ್ಕಿ ತುಂಬಿ, ಗಾಜಿದ್ದ ಬಾಯಿಗೆ ಹಲಗೆ ಮುಚ್ಚಿಟ್ಟಳು. ಬಹಳ ವರ್ಷ ಇತ್ತು. ಇಲಿ ಹೊಗಲಿಲ್ಲ, ತೇವ ಹೊಗಲಿಲ್ಲ.

ಅಂಥ ಪೆಟ್ಟಿಗೆ ಈಗ ಬೇಕೆಂದರೂ ಕಟ್ಟುವವರಿಲ್ಲ. ದೋಣಿಗಳು ಫೈಬರಿನವು, ಸಂದುಗಳೇ ಇಲ್ಲ. ಚಂದ್ರಸ ಕೇಳಿದರೆ ಅಂಗಡಿಯ ಹುಡುಗ ಅದೆಂತದು ಎನ್ನುತ್ತಾನೆ. ಒಂದು ಯಂತ್ರದ ಮುಂದೆ ಹತ್ತು ಮಕ್ಕಳು ಗುಂಪುಗೂಡಿ ಒಬ್ಬ ಆಡುವುದನ್ನು ನೋಡುತ್ತ ನಿಲ್ಲುವುದೂ ಹೋಯಿತು. ಅವರವರ ಆಟ ಅವರವರ ಅಂಗೈಯಲ್ಲಿ. ಇವೆಲ್ಲ ಹೇಳಲು ಸುಲಭವಾದ ನಷ್ಟಗಳು. ಅಪ್ಪ ತೀರಿಹೋಗಿ ಎರಡು ಮಳೆಗಾಲವಾಯಿತು. ಅವನ ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಅಣ್ಣನನ್ನು ಬಾವಿಕಟ್ಟೆಯ ಹತ್ತಿರ ಕೇಳಿದೆ, ಪೆಟ್ಟಿಗೆ ಸುಟ್ಟ ದಿನ ಅಪ್ಪನಿಗೆ ಏನು ಹೇಳಿದೆ ಎಂದು. ಅವನು ಕೈ ತೊಳೆಯುತ್ತಲೇ ಇದ್ದ.

"ಅಪ್ಪ ಎಲ್ಲಿ ಕೇಳಿದ್ದ? ಅವ ಯಾವತ್ತೂ ಕೇಳ್ಲೇ ಇಲ್ಲ ತಂಗಿ. ಕೇಳ್ತಾನೆ ಅಂತ ನಾನೇ ಕಾಯ್ತಾ ಇದ್ದೆ."

ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನಾನು ಕೇಳಬಹುದಿತ್ತು. ಅಷ್ಟರಲ್ಲಿ ಆಯಿ ಬಂದಳು. ಅಪ್ಪ ಕೇಳಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ದೋಣಿಯೊಳಗೆ ನೀರು ಎಲ್ಲಿಂದ ಬಂತೆಂದೂ ಗೊತ್ತಿಲ್ಲ.