ಒಂದೇ ಚೀಟಿಗೆ ಇಬ್ಬರು ರೋಗಿಗಳು

ಮೊನ್ನೆ ತೋಟದ ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ಕಾಫಿ ಗಿಡಗಳ ನಡುವೆ ಹೇಗೋ ಉಳಿದುಕೊಂಡಿರುವ ಹಳೆಯ ಮರದ ಹಣ್ಣು; ಹುಳಿ ಜಾಸ್ತಿ, ಬೀಜ ಅದಕ್ಕಿಂತ ಜಾಸ್ತಿ. ಸಿಪ್ಪೆ ಮುರಿದಾಗ ರಸ ಚಿಮ್ಮಿ ಕಣ್ಣು ಉರಿಯಿತು, ಆ ಘಮ ಮೂಗಿಗೆ ಹತ್ತಿತು... ಅಷ್ಟಕ್ಕೇ ಜೀಪ್ ಭಾಯಿ ನೆನಪಾಗಿಬಿಟ್ಟರು.

ಅವರ ಜೀಪಿನಲ್ಲಿ ಸದಾ ಈ ವಾಸನೆ. ಸ್ಟೇರಿಂಗಿನ ಮುಂದೆ ಹಸಿಯದು, ಒಣಗಿದ್ದು ಅಂತ ಒಂದಷ್ಟು ಕಿತ್ತಳೆ ಸಿಪ್ಪೆ ಬಿದ್ದಿರುತ್ತಿತ್ತು. ತಿರುವುಗಳಲ್ಲಿ ಹೊಟ್ಟೆ ತೊಳೆಸುವವರಿಗೆ ಅವರು ಕೊಡುತ್ತಿದ್ದ ಔಷಧಿ ಅದು. ನಾನು ಅರಸೀಕೆರೆ ಕಡೆಯ ಬಯಲಿನಲ್ಲಿ ನೇರ ರಸ್ತೆ ನೋಡಿಕೊಂಡು ಬೆಳೆದವಳು. ಮದುವೆಯಾಗಿ ಹೆಗ್ಗದ್ದೆ ಕಡೆ ಬಂದ ಹೊಸತರಲ್ಲೇ, ರೇಷ್ಮೆ ಸೀರೆ ಉಟ್ಟುಕೊಂಡು, ಅವರ ಜೀಪಿನಿಂದ ಹೊರಗೆ ತಲೆ ಹಾಕಿ ಮಾನ ಕಳೆದುಕೊಂಡೆ. ಅತ್ತೆ ಮುಖ ಗಂಟು ಹಾಕಿಕೊಂಡರು. ಭಾಯಿ ಗಾಡಿ ನಿಲ್ಲಿಸಿ, ನೀರು ಕೊಟ್ಟು, ಒಂದು ಸಿಪ್ಪೆ ಮುರಿದು ಕೈಗಿಟ್ಟರು.

"ಮೂಸ್ಕೊಂಡು ಕೂತ್ಕೋ ತಂಗಿ. ಈ ರಸ್ತೆ ಎಲ್ಲಾ ಸೊಸೇರಿಗೂ ಮೊದ್ಲು ಹಿಂಗೇ ಮಾಡ್ತದೆ. ನಿಮ್ಮತ್ತೆನೂ ನಮ್ಮಪ್ಪನ ಗಾಡೀಲಿ ಕಕ್ಕಿದ್ದೋರೇ."

ಅತ್ತೆ ಆ ದಿನವೆಲ್ಲ ಅವರ ಜೊತೆ ಮಾತಾಡಲಿಲ್ಲ. ನನಗೆ ಆ ಊರಿನಲ್ಲಿ ಮೊದಲು ಇಷ್ಟವಾದ ಮನುಷ್ಯ ನನ್ನ ಗಂಡನಲ್ಲ, ಭಾಯಿ. ಇದನ್ನು ಗಂಡನಿಗೂ ಹೇಳಿದ್ದೇನೆ.

ಭಾಯಿಯ ಮನೆ ಆನೇಮಹಲ್‌ನಲ್ಲಿ, ಹೆದ್ದಾರಿಗೇ ಮುಖ ಮಾಡಿಕೊಂಡಿತ್ತು. ಬೆಳಗಾಗುತ್ತಲೇ ಆಳುಗಳನ್ನು ತುಂಬಿಕೊಂಡು ಎಸ್ಟೇಟುಗಳಿಗೆ ಮುಟ್ಟಿಸಬೇಕು, ಸಂಜೆ ವಾಪಸು ತಂದು ಬಿಡಬೇಕು. ನಡುವಿನ ಹೊತ್ತಿನಲ್ಲಿ ಸಿಕ್ಕಿದ ಬಾಡಿಗೆ. ಅದರಲ್ಲಿ ಹೆಚ್ಚಿನದು ಆಸ್ಪತ್ರೆಯ ಬಾಡಿಗೆಯೇ. ಸಕಲೇಶಪುರ, ಹಾಸನ, ಘಾಟಿ ಇಳಿದರೆ ಮಂಗಳೂರು... ಯಾವ ಆಸ್ಪತ್ರೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಬಾಗಿಲಿಗೆ ಹೋದರೆ ಸ್ಟ್ರೆಚರ್ ಬೇಗ ಬರುತ್ತದೆ, ಯಾವ ಕ್ಯಾಂಟೀನಿನ ಟೀ ಕುಡಿಯಬಾರದು, ಎಲ್ಲ ಅವರಿಗೆ ಗೊತ್ತು. ಆದರೆ ರೋಗಿಯನ್ನು ಇಳಿಸಿದ್ದೇ ತಡ, ಜೀಪನ್ನು ಗೇಟಿನಾಚೆ ತಂದು ಹಾಕಿ ಬೀಡಿ ಹಚ್ಚುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

"ತೋಟದೋರು ಕೂತ್ಕೊಂಡು ಆಸ್ಪತ್ರೆಗೆ ಬರ್ತಾರೆ, ಲೈನಿನೋರು ಮಲಿಕ್ಕೊಂಡು ಬರ್ತಾರೆ" ಅಂತ ಒಮ್ಮೆ ನಕ್ಕೊಂಡು ಹೇಳಿದ್ದರು. ಲೈನು ಅಂದರೆ ಎಸ್ಟೇಟಿನಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳು. ನಮ್ಮದೇನು ದೊಡ್ಡ ಎಸ್ಟೇಟಲ್ಲ, ಉಂಡುಟ್ಟು ಇರುವಷ್ಟು ಕಾಫಿ, ಮೆಣಸು. ಆದರೂ ನಾವು ಕೂತು ಹೋಗುವವರ ಪೈಕಿಯೇ. ಅತ್ತೆಯಂತೂ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ತಿಂಗಳಿಗೊಮ್ಮೆ, ತವರಿಗೆ ಹೊರಟವರ ಹಾಗೆ ಒಳ್ಳೆ ಸೀರೆ ಉಟ್ಟು, ಸಕಲೇಶಪುರದ ಡಾಕ್ಟರ ಹತ್ತಿರ ಹೊರಡುತ್ತಿದ್ದರು. ಜೊತೆಗೆ ನಾನು. ಆಳುಗಳನ್ನು ಬಿಟ್ಟು ಬಂದ ಭಾಯಿ ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿದ್ದರು.

ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಡಬೇಕು, ತಿಂಡಿ ತಿಂದ ಮೇಲೆ ಇನ್ನೊಂದು ಸಲ. ಆ ತಿಂಡಿಯನ್ನು ಅತ್ತೆ ಜೀಪಿನಲ್ಲೇ ಕೂತು ತಿನ್ನುತ್ತಿದ್ದರು. ಬುತ್ತಿಯಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಭಾಯಿಯ ಪಾಲೂ ಸೇರಿಸಿಯೇ ಕಟ್ಟಿದ್ದು. ಊರಿನ ಸಮಾಚಾರವೆಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ಮನೆಯಲ್ಲಿ ಯಾರ ಮಾತಿಗೂ ನಗದ ಅತ್ತೆ ಆ ಜೀಪಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುವುದನ್ನು ನೋಡಿದ್ದೇನೆ.

ಅಂಥದೇ ಒಂದು ಬೆಳಿಗ್ಗೆ ಭಾಯಿ ರೊಟ್ಟಿ ಮುರಿಯುತ್ತಾ ತಗ್ಗಿದ ದನಿಯಲ್ಲಿ, "ಅಕ್ಕಾರೆ, ಒಂದು ಮಾತು, ತಪ್ಪು ತಿಳೀಬಾರ್ದು. ನಾನು ಒಂದಕ್ಕೆ ಹೋದ ಕಡೆ ಇರುವೆ ಮುತ್ಕೊಂತಾವೆ" ಅಂದರು.

"ಅಯ್ಯೋ ನಿನ್ನ! ಅದು ಶುಗರು ಕಣೋ. ಬಾ ಒಳಕ್ಕೆ, ರಕ್ತ ಕೊಡು" ಅಂದರು ಅತ್ತೆ.

ಭಾಯಿ ಬರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬಿಟ್ಟಿಯಾಗಿ ಸಿಗುತ್ತಿತ್ತು, ಆದರೆ ಅಲ್ಲಿ ಬೆಳಿಗ್ಗೆಯೇ ಸಾಲು ನಿಲ್ಲಬೇಕು. ಬೆಳಿಗ್ಗೆ ಒಂದು ದಿನ ಗಾಡಿ ಹೋಗದಿದ್ದರೆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಬೇರೆ ಗಾಡಿ ಗೊತ್ತು ಮಾಡಿಬಿಡುತ್ತಿದ್ದ. ಅದೂ ನೆಪವೇ ಇರಬೇಕು. ನಿಜವಾದ ಭಯವನ್ನು ಅವರೇ ಬಾಯಿಬಿಟ್ಟು ಹೇಳಿದರು. "ಒಳಗೆ ಹೋದ್ರೆ ಕಾಲು ನೋಡ್ತಾರೆ, ಕಣ್ಣು ನೋಡ್ತಾರೆ, ಗಾಡಿ ಬಿಡ್ಬೇಡ ಅಂತಾರೆ. ಗಾಡಿ ಬುಟ್ರೆ ನಂಗೇನೈತೆ ಅಕ್ಕಾರೆ?"

ಅತ್ತೆ ಅರೆಗಳಿಗೆ ಯೋಚಿಸಿದರು. ಆಮೇಲೆ ಚೀಲದಿಂದ ತಮ್ಮ ಮಾತ್ರೆಯ ಪಟ್ಟಿಯನ್ನೇ ತೆಗೆದು ಕೊಟ್ಟುಬಿಟ್ಟರು. "ಊಟ ಆದ್ಮೇಲೆ ಒಂದು. ನಂಗೂ ಅಷ್ಟೇ ಬರ್ದಿರೋದು."

ನೆಂಟರಿಗೆ ಉಪ್ಪಿನಕಾಯಿ ಕೊಡುವ ಧಾರಾಳದಲ್ಲಿ ಕೊಟ್ಟಿದ್ದು ಅದು. ನಮ್ಮ ಕಡೆ ಹಾಗೇ. ಒಬ್ಬರ ಮಂಡಿ ನೋವಿನ ಮಾತ್ರೆ ಇನ್ನೊಬ್ಬರ ಸೊಂಟಕ್ಕೂ ಹೋಗುತ್ತದೆ, ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಅಲ್ಲಿಂದ ಮುಂದೆ ಅತ್ತೆಯ ಚೀಟಿಗೆ ಇಬ್ಬರು ರೋಗಿಗಳಾದರು. ಅತ್ತೆ ಹೊರಗೆ ಬಂದ ಕೂಡಲೇ ಭಾಯಿ ಕೇಳುತ್ತಿದ್ದರು, "ಡಾಕ್ಟ್ರು ನಮಗೇನಂದ್ರು?" ಡಾಕ್ಟರು ಅತ್ತೆಗೆ ಅನ್ನ ಕಮ್ಮಿ ಮಾಡಿ ಅಂದರೆ ಆನೇಮಹಲ್‌ನಲ್ಲೂ ಅನ್ನ ಕಮ್ಮಿಯಾಗುತ್ತಿತ್ತು. ನಡೀರಿ ಅಂದರೆ ಭಾಯಿ ಗಾಡಿಯ ಸುತ್ತ ನಾಲ್ಕು ಸುತ್ತು ಹಾಕಿ, "ನಡ್ದೆ ಅಕ್ಕಾರೆ, ನೋಡುದ್ರಲ್ಲ" ಅನ್ನುತ್ತಿದ್ದರು. ಟೀಗೆ ಸಕ್ಕರೆ ಮಾತ್ರ ಬಿಡಲಿಲ್ಲ. ಅತ್ತೆ ಬೈದರೆ, ಡಾಕ್ಟರು ಅದನ್ನು ಹೇಳಿದ್ದು ನಿಮಗೆ, ನನಗಲ್ಲ ಅಂತ ಆಗ ಮಾತ್ರ ಬೇರೆ ರೋಗಿಯಾಗುತ್ತಿದ್ದರು.

ಎಷ್ಟೋ ವರ್ಷ ಇದು ಹೀಗೇ ನಡೆಯಿತು. ಅತ್ತೆಯ ಮಾತ್ರೆ ಬದಲಾದಾಗ ಭಾಯಿಯ ಮಾತ್ರೆಯೂ ಬದಲಾಗುತ್ತಿತ್ತು; ಅತ್ತೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಅತ್ತೆಗೆ ಇನ್ಸುಲಿನ್ ಶುರುವಾಯಿತು. ಅವತ್ತು ಭಾಯಿ ಗಾಡಿ ಸ್ಟಾರ್ಟ್ ಮಾಡಿದವರು ಮತ್ತೆ ಆಫ್ ಮಾಡಿದರು.

"ಸೂಜಿನಾ? ದಿನಾಲೂನಾ?" ಅಂದವರೇ, "ಸೂಜಿಗೆ ನಾನು ನಿಮ್ ಜೊತೆ ಬರಕ್ಕಿಲ್ಲ ಅಕ್ಕಾರೆ. ನಂಗೆ ಹಳೇ ಮಾತ್ರೆನೇ ಸಾಕು" ಅಂದರು.

ಅಲ್ಲಿಗೆ ಇಬ್ಬರ ದಾರಿ ಬೇರೆಯಾಯಿತು. ಅತ್ತೆಯ ಸಕ್ಕರೆ ಹತೋಟಿಗೆ ಬಂತು. ಭಾಯಿ ಸೊರಗುತ್ತಾ ಹೋದರು. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು, ವಯಸ್ಸಾಯ್ತಲ್ಲ ಅನ್ನುತ್ತಿದ್ದರು.

ಆಮೇಲೆ ಒಂದು ತಿಂಗಳು ಆಸ್ಪತ್ರೆಗೆ ಹೊರಟ ದಿನ ಭಾಯಿ ಅತ್ತೆಯನ್ನು ಮುಂದಿನ ಸೀಟಿಗೆ ಕರೆದರು. ಒಬ್ಬನೇ ಕೂತರೆ ಬೇಜಾರು, ಮಾತಾಡ್ತಾ ಇರಿ ಅಂದರು. ದೋಣಿಗಲ್ ಹತ್ತಿರ ಹೆದ್ದಾರಿಗೆ ಹತ್ತಿದ ಮೇಲೆ ಮಾತು ವಿಚಿತ್ರವಾಗತೊಡಗಿತು. ಮುಂದೆ ಹೋಗ್ತಿರೋದು ಬಸ್ಸಾ, ಲಾರಿನಾ? ಆ ಬದಿಯಲ್ಲಿ ನಿಂತಿರೋದು ಯಾರು? ಕೇಳಿದ್ದಕ್ಕೆಲ್ಲ ಅತ್ತೆ ಸರಾಗವಾಗಿ ಉತ್ತರ ಕೊಡುತ್ತಿದ್ದರು, ಪೊರೆ ತೆಗೆಸಿಕೊಂಡ ಮೇಲೆ ಅವರ ಕಣ್ಣು ಚುರುಕಾಗಿತ್ತು. ಹಿಂದೆ ಕೂತಿದ್ದ ನನಗೆ ಮೊದಲು ಅರ್ಥವಾಗಲಿಲ್ಲ. ರಸ್ತೆ ಬದಿಗೆ ಕೆಟ್ಟು ನಿಂತ ಲಾರಿಯೊಂದಿತ್ತು. ಬೆಳಗಿನ ನಿಚ್ಚಳ ಬಿಸಿಲು, ಅಷ್ಟು ದೂರದಿಂದಲೇ ಕಾಣುತ್ತಿತ್ತು. ಜೀಪು ನೇರ ಅದರ ಕಡೆಗೇ ಹೋಗುತ್ತಿತ್ತು.

"ಭಾಯಿ, ಲಾರಿ! ಲಾರಿ ನಿಂತೈತೆ!" ಅತ್ತೆ ಕೂಗಿದರು. ಗಾಡಿ ಬಲಕ್ಕೆ ಹೊರಳಿತು, ಹಿಂದಿನ ಗಾಡಿಯವನು ಹಾರ್ನ್ ಒತ್ತುತ್ತಾ ಬೈದುಕೊಂಡು ಮುಂದೆ ಹೋದ. ಭಾಯಿ ಬದಿಗೆ ನಿಲ್ಲಿಸಿದರು.

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಎಷ್ಟು ದಿನ ಆಯ್ತು, ಕಣ್ಣು ಕಾಣ್ದೆ?" ಅಂತ ಮೆಲ್ಲಗೆ ಕೇಳಿದರು.

"ಎಡಗಣ್ಣು ಪೂರ್ತಿ ಹೋಗ್ಬುಟ್ಟೈತೆ. ಬಲಗಣ್ಣಲ್ಲಿ ಕರೀ ಚುಕ್ಕಿ ಓಡಾಡ್ತಾವೆ. ರಸ್ತೆ ಗೊತ್ತಲ್ಲ ಅಕ್ಕಾರೆ, ಅಂದಾಜಲ್ಲೇ..."

"ಇವತ್ತು ನೀನು ಒಳಗೆ ಬರ್ತೀಯ. ಇಲ್ಲಾಂದ್ರೆ ನಾನು ಇಲ್ಲೇ ಇಳ್ದು ನಡ್ಕೊಂಡು ಹೋಯ್ತೀನಿ. ಹಿಂದೆ ಆಳುಗಳನ್ನ ತುಂಬ್ಕೊಂಡು ಹೋಗ್ತೀಯಲ್ಲೋ ಮಾರಾಯ."

ಆ ಕೊನೆಯ ಮಾತು ಭಾಯಿಗೆ ನಾಟಿತು. ಆಮೆಯ ಹಾಗೆ ತೆವಳಿಕೊಂಡು ಆಸ್ಪತ್ರೆ ಸೇರಿದೆವು. ಎಷ್ಟೋ ಜನರನ್ನು ಅಲ್ಲಿಗೆ ಮುಟ್ಟಿಸಿದ್ದವರು ಡಾಕ್ಟರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ನಿಂತರು. ಡಾಕ್ಟರು ಅವರ ಮುಖ ನೋಡಿ, "ಏನ್ ಭಾಯಿ, ನನ್ನ ಕಾರಿಗೆ ನಿಮ್ಮ ಜೀಪು ಅಡ್ಡ ಇದೆಯಾ?" ಅಂದರು. ಅತ್ತೆ ತಮ್ಮ ಕುರ್ಚಿಯಿಂದ ಎದ್ದು ಭಾಯಿಯನ್ನು ಅದರಲ್ಲಿ ಕೂರಿಸಿದರು. "ಇವತ್ತು ರೋಗಿ ಇವನು."

ಸಕ್ಕರೆ ಕಣ್ಣಿನ ಹಿಂದಕ್ಕೆ ಹೋಗಿತ್ತು. ಮೂತ್ರಪಿಂಡಕ್ಕೂ ಹೋಗಿತ್ತು. ಹಾಸನಕ್ಕೆ ಹೋಗಿ ಕಣ್ಣಿಗೆ ಲೇಸರ್ ಹಾಕಿಸಿ, ಉಳಿದಿದ್ದನ್ನು ಉಳಿಸಿಕೊಳ್ಳೋಣ, ಗಾಡಿ ಮಾತ್ರ ಇವತ್ತಿಂದಲೇ ಮುಟ್ಟಬೇಡಿ ಅಂದರು ಡಾಕ್ಟರು. ಭಾಯಿ ಎಲ್ಲಕ್ಕೂ ಹೂಂ ಅಂದರು. ಜೀಪನ್ನು ಗೇಟಿನ ಹತ್ತಿರವೇ ಬಿಟ್ಟು ಮೂವರೂ ಬಸ್ಸಿನಲ್ಲಿ ಹೊರಟೆವು. ಕಂಡಕ್ಟರು ಗುರುತು ಹಿಡಿದು, "ಏನ್ ಭಾಯಿ, ಗಾಡಿ ಎಲ್ಲಿ?" ಅಂದ. "ರಿಪೇರಿಗೆ ಬಿಟ್ಟೀನಿ" ಅಂದರು. ಆಮೇಲೆ ಆನೇಮಹಲ್ ಬರುವವರೆಗೂ ಕಿಟಕಿ ಕಡೆಗೇ ತಿರುಗಿ ಕೂತಿದ್ದರು. ಅವರು ಅಳುತ್ತಿದ್ದದ್ದು ನಮಗೆ ಗೊತ್ತಿತ್ತು. ಅತ್ತೆ ತಮ್ಮ ಸೆರಗನ್ನೇ ಸರಿಮಾಡಿಕೊಳ್ಳುತ್ತಾ ಕೂತರು.

ಜೀಪನ್ನು ಮಾರಿದರು. ಆ ಮೇಲೆ ಎರಡು ವರ್ಷ ಭಾಯಿ ನಿಜವಾದ ರೋಗಿಯಾಗಿದ್ದರು. ಪ್ರತಿ ತಿಂಗಳೂ ನಾವು ಬಾಡಿಗೆ ಕಾರನ್ನು ಅವರ ಮನೆ ಮುಂದೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅತ್ತರು ಹಚ್ಚಿಕೊಂಡು ಬರುತ್ತಿದ್ದರು. ಈಗ ಅವರಿಗೆ ಅವರದೇ ಚೀಟಿ. ಇಬ್ಬರೂ ಬೆಂಚಿನ ಮೇಲೆ ಕೂತು ಯಾರ ಸಕ್ಕರೆ ಎಷ್ಟು ಅಂತ ಪಂದ್ಯ ಕಟ್ಟುತ್ತಿದ್ದರು. ಸೂಜಿಗೂ ಒಗ್ಗಿಕೊಂಡರು, ಅವರ ಹೆಂಡತಿ ಚುಚ್ಚುತ್ತಿದ್ದರು. ಇಷ್ಟು ಸುಲಭವಾಗಿತ್ತಲ್ಲ ಅನಿಸುತ್ತಿತ್ತು ನನಗೆ, ಇಷ್ಟಕ್ಕೆ ಇಷ್ಟು ವರ್ಷ...

ಆದರೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಜೊತೆಗೆ ಒಬ್ಬರು ಬೇಕು. ಹೆಂಡತಿ ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು, ಮಗ ಪರವೂರಿನಲ್ಲಿ ಲಾರಿಯ ಮೇಲಿದ್ದ. "ಡಯಾಲಿಸಿಸ್ ಬಿಟ್ಟಿ ಅಕ್ಕಾರೆ, ಹೋಗೋದು ಬರೋದು ಬಿಟ್ಟಿ ಅಲ್ಲ. ಇದೊಂಥರಾ ನೌಕರಿ, ಸಂಬಳ ಇಲ್ಲದ್ದು" ಅಂತ ನಗಾಡಿದರು. ಕಾರು ನಾನು ಕಳಿಸ್ತೀನಿ ಅಂತ ಅತ್ತೆ ಹಟ ಹಿಡಿದರು. ಒಂದಷ್ಟು ದಿನ ಕಳಿಸಿದರು ಕೂಡ. ಕೊಯ್ಲು ಶುರುವಾಯಿತು, ಕಾರು ಸಿಗುವುದು ಕಷ್ಟವಾಯಿತು. ಜೀವನವಿಡೀ ಜನರನ್ನು ಕರೆದುಕೊಂಡು ಹೋದ ಮನುಷ್ಯನಿಗೆ ಇನ್ನೊಬ್ಬರ ಗಾಡಿಗೆ ಕಾಯುತ್ತಾ ಕೂರುವುದು ಆಗಲಿಲ್ಲ. ಯಾರಿಗೂ ಹೇಳದೆ ಹೋಗುವುದನ್ನು ಬಿಟ್ಟುಬಿಟ್ಟರು. ಮನೆ ಮುಂದೆ ಹಗಲಿಡೀ ಹಾಸನದ ಕಡೆಗೆ ಗಾಡಿಗಳು ಹೋಗುತ್ತಲೇ ಇದ್ದವು. ಒಂದು ಶುಕ್ರವಾರ ಬೆಳಿಗ್ಗೆ ಸುದ್ದಿ ಬಂತು.

ಅತ್ತೆಗೆ ಈಗ ಎಂಬತ್ತು ದಾಟಿದೆ. ಹೋದ ಗುರುವಾರ ಡಾಕ್ಟರು ರಿಪೋರ್ಟು ನೋಡಿ, "ಅಮ್ಮ, ಈ ವಯಸ್ಸಿಗೆ ನಿಮ್ಮ ಕಿಡ್ನಿ ಫಸ್ಟ್ ಕ್ಲಾಸಾಗಿದೆ" ಅಂದರು. ಖುಷಿಪಡಬೇಕಾದವರು ಕಾರಿನಲ್ಲಿ ಮುಖ ಊದಿಸಿಕೊಂಡು ಕೂತರು. ಆನೇಮಹಲ್ ಹತ್ತಿರವಾಗುತ್ತಿದ್ದಂತೆ ಬಾಯಿಬಿಟ್ಟರು.

"ಇಬ್ರೂ ಒಂದೇ ಮಾತ್ರೆ ತಿಂದ್ವಿ ಕಣೆ. ಒಂದೇ ರೊಟ್ಟಿ ತಿಂದ್ವಿ."

"ನೀವು ಒಳಗೆ ಹೋಗ್ತಿದ್ರಿ ಅತ್ತೆ" ಅಂದೆ.

ಅತ್ತೆ ಮುಂದಕ್ಕೆ ಬಗ್ಗಿ, ಕಾರು ಓಡಿಸುತ್ತಿದ್ದವನ ಭುಜ ತಟ್ಟಿದರು. ನಲವತ್ತರ ಆಸುಪಾಸಿನವನು, ಈಚೆಗೆ ನಮ್ಮ ಬಾಡಿಗೆಗೆ ಬರುತ್ತಿರುವವನು.

"ನೀನು ಯಾವತ್ತಾದ್ರೂ ರಕ್ತ ಪರೀಕ್ಷೆ ಮಾಡ್ಸಿದೀಯಾ?"

"ನಂಗೇನಾಗೈತೆ ಅಮ್ಮಾರೆ, ಗುಂಡುಕಲ್ಲಿನಂಗಿದೀನಿ" ಅಂತ ಅವನು ನಕ್ಕ.

"ಗಾಡಿ ತಿರುಗ್ಸು."

"ಮನೆಗೆ ಹೊರಟಾಯ್ತಲ್ಲ ಅಮ್ಮಾರೆ..."

"ತಿರುಗ್ಸು ಅಂದೆ. ಆಸ್ಪತ್ರೆಗೆ ನಡಿ. ನೀನು ಬರೋ ತನಕ ನಾವು ಹೊರಗೆ ಕೂತಿರ್ತೀವಿ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ತಿರುಗಿಸಿ ಅಂದೆ ನಾನೂ. ಅವನು ಕಾರು ತಿರುಗಿಸಿದ.