ಕಾಲುವೆಯ ದಂಡೆಯಲ್ಲಿ ಕೊಟ್ಟ ಹಾಳೆ

ದೆವ್ವ ಕಂಡೆ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಒಮ್ಮೆ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಅಲ್ಲಿ ಒಬ್ಬಾಕೆ, ತೀರಿಹೋದ ತಮ್ಮ ಅತ್ತೆ ಬಸ್ ಸ್ಟಾಪಿನಲ್ಲಿ ನಿಂತಿದ್ದನ್ನು ಕಂಡೆ ಎಂದರು. "ಬಸ್ ಪಾಸ್ ತಂದಿದ್ರೇನಮ್ಮಾ?" ಎಂದು ಕೇಳಿಬಿಟ್ಟೆ. ಎಲ್ಲರೂ ನಕ್ಕರು, ಆಕೆ ನಗಲಿಲ್ಲ. ಈಗ ನೀವು ನನ್ನನ್ನು ಕಂಡು ನಕ್ಕರೆ ನನ್ನ ತಕರಾರಿಲ್ಲ. ಆದರೆ ಈ ಕಥೆಯಲ್ಲಿ ನಂಬಲಾಗದ ಸಂಗತಿಯೊಂದಿದೆ, ನಾಚಿಕೆಗೇಡಿನ ಸಂಗತಿಯೊಂದಿದೆ. ಎರಡನೆಯದನ್ನಾದರೂ ನಂಬಿ.

ನಾನು ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ತೊಂಬತ್ತರ ದಶಕದಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದೆ. ಹಳೆಯ ಪುಸ್ತಕ, ನಕ್ಷೆ, ಕಾಗದಪತ್ರಗಳನ್ನು ಮಾರಾಟಕ್ಕೆ ಮುಂಚೆ ಅಲ್ಲಿ ಇಡುತ್ತಿದ್ದರು. ನನ್ನ ಜೊತೆಗಿದ್ದವನು ಧಾರವಾಡದ ಕಡೆಯ ವೀರಭದ್ರಪ್ಪ. ನನಗಿಂತ ಆರು ವರ್ಷ ದೊಡ್ಡವನು, ನಾನು ವೀರಣ್ಣ ಎನ್ನುತ್ತಿದ್ದೆ. ಬಂದ ಹಾಳೆಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಸಂಖ್ಯೆ ಬರೆಯುವುದು ನಮ್ಮಿಬ್ಬರ ಕೆಲಸ. ಪಟ್ಟಿಗೆ ಸಹಿ ಮಾತ್ರ ಅವನದು. ಆ ವರ್ಷ ಅವನು ಹೆಂಡತಿಯನ್ನೂ ಮಗಳನ್ನೂ ಲಂಡನ್ನಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಆ ಅರ್ಜಿ ನಿಂತಿದ್ದು ಈ ನೌಕರಿಯ ಮೇಲೆ.

ನವೆಂಬರಿನಲ್ಲಿ ಒಂದು ತಗಡಿನ ಪೆಟ್ಟಿಗೆ ಬಂತು. ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದ ಪಶ್ಚಿಮ ದಿಕ್ಕನ್ನು ನೋಡಿ ಬರಲು ಹೊರಟ ಒಂದು ತಂಡದವನ ದಿನಚರಿ. ಹೊಲಿಗೆ ಬಿಟ್ಟು ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ಮಿಸೌರಿ ನದಿಯ ಸೆಳವಿಗೆ ಎದುರಾಗಿ, ದಡದಲ್ಲಿ ನಡೆಯುತ್ತ, ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದವರು ಅವರು. ಊಟದ ಹೊತ್ತಿನಲ್ಲಿ ನಾನು ತಡವರಿಸುತ್ತ ಓದಿ ಹೇಳುತ್ತಿದ್ದೆ, ವೀರಣ್ಣ ರೊಟ್ಟಿ ಮುರಿಯುತ್ತ ಕೇಳುತ್ತಿದ್ದ.

ಒಂದು ಹಾಳೆಯಲ್ಲಿ ಹೀಗಿತ್ತು. ನದಿ ಎರಡಾಗಿ ಒಡೆಯುವಲ್ಲಿ ದಾರಿ ತೋರಿಸುತ್ತಿದ್ದ ಅಲ್ಲಿನ ಮೂಲನಿವಾಸಿ ಹೊರಟುಹೋದ. ಹೋಗುವಾಗ ಅವನಾಡಿದ ಮಾತನ್ನು ಒಬ್ಬ ಹೆಂಗಸು ಇನ್ನೊಂದು ಭಾಷೆಗೆ, ಅದನ್ನು ಒಬ್ಬ ವ್ಯಾಪಾರಿ ಫ್ರೆಂಚಿಗೆ, ಅದನ್ನು ಮತ್ತೊಬ್ಬ ಇಂಗ್ಲಿಷಿಗೆ ತಿರುಗಿಸಿದ್ದರು. ಕೊನೆಗೆ ಇವರ ಕಿವಿಗೆ ಬಿದ್ದದ್ದು: 'ಹೋಗಿ ಬರುತ್ತೇನೆ.' ಇವರು ನಾಲ್ಕು ದಿನ ಕಾದರು. ಅವನು ಬರಲಿಲ್ಲ. ಮೋಸಗಾರ ಎಂದು ಬರೆದಿದ್ದರು.

ವೀರಣ್ಣ ಕೆಮ್ಮುವಷ್ಟು ನಕ್ಕ. "ಹೋಗಿ ಬರ್ತೀನಿ ಅಂದಾನಪಾ ಅಂವ! ಹೊರಡೋ ಮನಷ್ಯಾ ಮತ್ತೇನ್ ಅನ್ನಬೇಕು? ಈ ಮಂಗ್ಯಾಗಳು ಖರೇನ ಬರ್ತಾನಂತ ಹಾದಿ ಕಾಯ್ಕೋತ ಕುಂತಾರ!"

ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಓದಿದ ಯಾರಿಗೂ ಹೊಳೆಯದ್ದು ನಮಗೆ ಹೊಳೆದಿತ್ತು. ಮಧ್ಯಾಹ್ನ ಪೆಟ್ಟಿಗೆ ಪರೀಕ್ಷಿಸಲು ಬಂದ ಪರಿಣತರಿಗೆ, ನಮ್ಮಲ್ಲಿ ಯಾರೂ 'ಹೋಗುತ್ತೇನೆ' ಎಂದು ಹೇಳಿ ಹೊರಡುವುದಿಲ್ಲ, ಅವರಲ್ಲೂ ಹಾಗೆಯೇ ಇದ್ದಿರಬಹುದು ಎಂದೆ. ಅವರು ತುಂಬ ಸೌಜನ್ಯದಿಂದ ಮುಗುಳ್ನಕ್ಕು, ಲಕೋಟೆಗಳ ಮೇಲೆ ಬೆರಳಚ್ಚು ಬೀಳದಂತೆ ನೋಡಿಕೊಳ್ಳಿ ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ನಗು ಸಂಜೆಯವರೆಗೂ ಚುಚ್ಚಿತು. ಭಾನುವಾರ ಕನ್ನಡದವರೆಲ್ಲ ಸೇರುವಲ್ಲಿ ಮೈಸೂರಿನ ಡಾಕ್ಟರೊಬ್ಬರಿಗೆ ತೋರಿಸಿ ಶಹಭಾಸ್ ಅನ್ನಿಸಿಕೊಂಡು, ಸೋಮವಾರ ತಂದಿಟ್ಟರಾಯಿತು ಎಂದುಕೊಂಡು, ಶುಕ್ರವಾರ ಕೆಲಸ ಬಿಡುವಾಗ ಆ ಹಾಳೆಯನ್ನು ಲಕೋಟೆಯ ಸಮೇತ ಕೋಟಿನೊಳಗೆ ಸೇರಿಸಿದೆ.

ನಾನು ದಿನವೂ ಗೋದಾಮಿನ ಹತ್ತಿರದ ಕಾಲುವೆಯ ದಂಡೆಗುಂಟ ವೆಂಬ್ಲಿಯ ಕಡೆ ನಡೆದು ಮನೆಗೆ ಹೋಗುತ್ತಿದ್ದೆ. ಆಗ ನಾಲ್ಕು ಗಂಟೆಯಿರಬೇಕು. ಮಂಜು ಇತ್ತು, ಬೆಳಕೂ ಇತ್ತು. ಎದುರಿನಿಂದ ಹದಿನೈದಿಪ್ಪತ್ತು ಜನ ಹೆಗಲಿಗೆ ಹಗ್ಗ ಹಾಕಿ, ನೆಲಕ್ಕೆ ಬಾಗಿ ಬರುತ್ತಿದ್ದರು. ತೊಗಲಿನ ಬಟ್ಟೆ, ಸೊಂಟದವರೆಗೂ ಒದ್ದೆ. ಹಿಂದೆ ಉದ್ದನೆಯ ದೋಣಿ. ಯಾವುದೋ ಶೂಟಿಂಗ್ ಎಂದುಕೊಂಡು ಬದಿಗೆ ಸರಿದೆ. ಆಮೇಲೆ ಹಗ್ಗ ನೋಡಿದೆ. ಅದು ತಂತಿಯ ಹಾಗೆ ಬಿಗಿದು ಗುಂಯ್‌ಗುಡುತ್ತಿತ್ತು. ಕಾಲುವೆಯ ನೀರಿಗೆ ಸೆಳವೇ ಇಲ್ಲ. ಅಲ್ಲಿ ಬಾತುಕೋಳಿಗಳೂ ತೇಲಿಹೋಗದೆ ಇದ್ದಲ್ಲೇ ಇರುತ್ತವೆ. ಆದರೆ ದೋಣಿಯ ಮೂತಿಗೆ ಕೆಸರು ನೀರು ಬಡಿದು ಒಡೆಯುತ್ತಿತ್ತು.

ತಲೆ ಎತ್ತಿದೆ. ಆಚೆ ದಡದ ಬಿಸ್ಕತ್ತು ಕಾರ್ಖಾನೆಯ ಗೋಡೆ ಇರಲಿಲ್ಲ. ಹುಲ್ಲು, ಕಣ್ಣು ಹೋದಷ್ಟು ದೂರ ಹುಲ್ಲು. ಅದರ ಮೇಲೆ ಆಕಾಶ. ಆಕಾಶ ಅಷ್ಟು ದೊಡ್ಡದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಹೆದರಿಕೆಯಾಗಲಿಲ್ಲ ಎಂದರೆ ನಂಬುವಿರಾ? ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗಕ್ಕೆ ಬೂಟು ಹಾಕಿಕೊಂಡೇ ಬಂದುಬಿಟ್ಟೆನಲ್ಲ, ಅನ್ನಿಸಿತು.

ಮುಂದಿನವನು ಹಗ್ಗ ಇಳಿಸಿ ನನ್ನ ಹತ್ತಿರ ಬಂದ. ಗಡ್ಡ, ಬಿರಿದ ತುಟಿ. ಏನೋ ಕೇಳಿದ. ಮಾತು ತಿಳಿಯಲಿಲ್ಲ, ಆದರೆ ಅವನು ನನ್ನ ಬೆನ್ನ ಹಿಂದಿನ ದಾರಿಯನ್ನು ತೋರಿಸಿ ಅಂಗೈ ಬಿಚ್ಚಿದ ರೀತಿಯಲ್ಲಿ ಅರ್ಥವಾಯಿತು. ದಾರಿ ತೋರಿಸುತ್ತಿದ್ದ ಆ ಮನುಷ್ಯ ಬರುವುದು ಕಂಡಿತೇ ಎಂದು ಕೇಳುತ್ತಿದ್ದ. ಇನ್ನೂ ಕಾಯುತ್ತಿದ್ದರು.

"ಅವನು ಬರಲ್ಲ ಸ್ವಾಮಿ," ಎಂದೆ, ಕನ್ನಡದಲ್ಲೇ. "ಹೊರಡುವಾಗ ಹಂಗಂತಾರೆ, ಅಷ್ಟೆ. ಮೋಸ ಮಾಡಿಲ್ಲ." ಕೈ ತಾನಾಗಿ ಕೋಟಿನೊಳಗೆ ಹೋಗಿ ಹಾಳೆಯನ್ನು ಲಕೋಟೆಯಿಂದ ತೆಗೆದು ಅವನ ಅಂಗೈ ಮೇಲಿಟ್ಟಿತು. ಅವನು ಬಹಳ ಹೊತ್ತು ಓದಿದ. ಆಮೇಲೆ ನಕ್ಕ. ತನ್ನ ದಡ್ಡತನ ತನಗೇ ತಿಳಿದಾಗ ನಗುತ್ತೇವಲ್ಲ, ಹಾಗೆ. ಹಿಂದಿನವರಿಗೆ ಏನೋ ಕೂಗಿ ಹೇಳಿ ಹಗ್ಗ ಹೆಗಲಿಗೇರಿಸಿದ. ದೋಣಿ ನನ್ನನ್ನು ದಾಟಿ ಹೋಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಬಿಸ್ಕತ್ತಿನ ವಾಸನೆ ಬಂತು, ಗೋಡೆ ಬಂತು, ಎಲ್ಲೋ ಲಾರಿ ಹಾರ್ನ್ ಕೇಳಿತು. ಕೈಯಲ್ಲಿ ಖಾಲಿ ಲಕೋಟೆ.

ಗಾಬರಿಯಲ್ಲಿ ಹಾಳೆಯನ್ನು ನೀರಿಗೆ ಬೀಳಿಸಿರಬಹುದು ಎನ್ನುವಿರಿ. ನನಗೂ ಹಾಗನ್ನಿಸಿ, ಮರುದಿನ ಕೋಲು ಹಿಡಿದು ಅಷ್ಟುದ್ದ ದಂಡೆ ಕೆದಕಿದೆ. ಸಿಗಲಿಲ್ಲ.

ಸೋಮವಾರ ಎಣಿಸಿದರು. ಒಂದು ಹಾಳೆ ಕಡಿಮೆ. ಸಹಿ ವೀರಣ್ಣನದು. ಏನೆಂದು ಹೇಳಲಿ? ಕಾಲುವೆಯಲ್ಲಿ ಸಿಕ್ಕಿದವನಿಗೆ ಕೊಟ್ಟೆ ಎನ್ನಲೇ? ಹೀಗೆ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನಾನು ಕದ್ದೆ ಎಂದಷ್ಟು ಹೇಳಿದ್ದರೆ ಸಾಕಿತ್ತು, ಅದಕ್ಕೆ ಯಾವ ಪವಾಡವೂ ಬೇಕಿರಲಿಲ್ಲ. ಬಾಗಿಲ ಬಳಿ ವೀರಣ್ಣ ನನ್ನ ತೋಳು ಹಿಡಿದು, "ನಿನಗೇನರ ಗೊತ್ತೈತೇನೋ ತಮ್ಮಾ?" ಎಂದು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ನಂಬಿದ.

ಅವನ ಕೆಲಸ ಹೋಯಿತು. ಹೆಂಡತಿ ಮಗಳ ಅರ್ಜಿ ಬಿದ್ದುಹೋಯಿತು. ಸಂಕ್ರಾಂತಿಗೆ ಮುಂಚೆ ಊರಿಗೆ ಹೊರಟುಹೋದ.

ಹನ್ನೊಂದು ವರ್ಷದ ಮೇಲೆ, ನನ್ನ ಹೃದಯದ ಆಪರೇಷನ್ನಿನ ಹಿಂದಿನ ದಿನ, ಅವನ ನಂಬರು ಹುಡುಕಿಸಿ ಫೋನ್ ಮಾಡಿದೆ. ಕದ್ದದ್ದು, ಸುಮ್ಮನಿದ್ದದ್ದು, ಕಾಲುವೆ, ಎಲ್ಲ ಹೇಳಿದೆ.

"ನಾನ ಎಲ್ಲೋ ಕಳದೆ ಅಂತ ತಿಳಕೊಂಡಿದ್ದೆ," ಎಂದ ವೀರಣ್ಣ. "ವರ್ಷಕ್ಕೊಮ್ಮೆ ಟ್ರಂಕು ತಗದು, ಆ ಲಂಡನ್ ಕೋಟಿನ ಕಿಸೆ ಎಲ್ಲಾ ಹುಡುಕ್ತಿದ್ದೆ. ನನ್ನ ಹೇಣ್ತಿ, ಹುಚ್ಚು ಹಿಡದೈತಿ ನಿಮಗ, ಅಂತಿದ್ಲು."

ನಾನು ಅತ್ತೆ. ಅವನು ಕಾದ. ಆಮೇಲೆ ಕೇಳಿದ: "ಅಂವ ಓದಿದ ಮ್ಯಾಲ ಏನ್ ಮಾಡಿದ?"

"ನಕ್ಕ ವೀರಣ್ಣ."

"ಮುಂದ ಹೋದ್ರೋ, ಅಲ್ಲೇ ಕುಂತ್ರೋ?"

"ಹೋದ್ರು."

"ಛಲೋ ಆತು ಬಿಡು," ಎಂದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಲೈನು ಕಡಿದುಹೋಯಿತೋ, ಅವನೇ ಫೋನ್ ಇಟ್ಟನೋ ತಿಳಿಯದು.

ಆ ದಿನ ಕಂಡದ್ದೇನೆಂದು ನನಗೆ ಈಗಲೂ ಗೊತ್ತಿಲ್ಲ. ಅದಕ್ಕಿಂತಲೂ ಅರ್ಥವಾಗದ್ದು ಇನ್ನೊಂದಿದೆ. ನಾನೇ ಅರ್ಧ ಮಾತ್ರ ನಂಬುವ ಆ ಮಾತನ್ನು, ನನ್ನಿಂದ ಹಾಳಾದ ಆ ಮನುಷ್ಯ ಅನುಮಾನದ ಒಂದು ಪ್ರಶ್ನೆಯನ್ನೂ ಹಾಕದೆ ನಂಬಿದ.